ಹದಿನಾಲ್ಕನೇ ಮೊಟ್ಟೆ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ನನ್ನ ಬಲಗಡೆ ಮೀಸೆ ಬೋಳಿಸಿಬಿಡಿ, ಎಡಗಡೆಯದನ್ನು ನಾನೇ ಬೋಳಿಸಿಕೊಳ್ಳುತ್ತೇನೆ. ಈ ಕಥೆಯನ್ನು ನನ್ನಷ್ಟು ಸರಿಯಾಗಿ ಹೇಳುವವರು ಸುತ್ತ ಹದಿನೆಂಟು ಹಳ್ಳಿಯಲ್ಲಿಲ್ಲ. ಹತ್ತೊಂಬತ್ತನೇ ಹಳ್ಳಿಯಲ್ಲಿ ಒಬ್ಬನಿದ್ದಾನೆ, ಅವನೂ ನನ್ನ ಹತ್ತಿರವೇ ಕಲಿತದ್ದು. ಆದ್ದರಿಂದ ಮಕ್ಕಳೇ, ಮಕ್ಕಳಂಥ ದೊಡ್ಡವರೇ, ನಂಬಿಕೊಂಡು ಕೇಳಿ.

ಮುದ್ದನಕೊಪ್ಪಲಿನಲ್ಲಿ ಮಂಚಯ್ಯ ಅಂತ ಒಬ್ಬನಿದ್ದ. ಬಹಳ ಒಳ್ಳೆಯವನು. ಎಷ್ಟು ಒಳ್ಳೆಯವನು ಅಂದರೆ, ಅವನ ಬಾಯಿಂದ 'ಉಹೂಂ' ಅನ್ನುವ ಮಾತು ಹುಟ್ಟಿದಾಗಿನಿಂದ ಒಂದು ಸಲವೂ ಹೊರಗೆ ಬಂದಿರಲಿಲ್ಲ. ಯಾರು ಏನು ಕೇಳಿದರೂ 'ಹೂಂ'. ಒಂದೇ ಮುಹೂರ್ತದ ಎರಡೂರಿನ ಮದುವೆಗೆ ಹೂಂ ಅಂದು, ಇಲ್ಲಿ ಪಾಯಸ ಅಲ್ಲಿ ಮಜ್ಜಿಗೆ ಅಂತ ನಾಲ್ಕು ಸಲ ಓಡಾಡಿ, ಎರಡೂ ಕಡೆಯ ಫೋಟೋದಲ್ಲಿ ಬೆವರುತ್ತಾ ನಿಂತವನು. ಎದುರುಮನೆಯವನು "ಒಂಚೂರು ಹಿಡ್ಕೊಂಡಿರು, ಈಗ ಬಂದೆ" ಅಂತ ಎಮ್ಮೆಯ ಹಗ್ಗ ಕೈಗೆ ಕೊಟ್ಟು ಮೈಸೂರಿಗೆ ಹೋದರೆ, ಅವನು ವಾಪಸ್ಸು ಬರುವತನಕ ಇವನು ಹಿಡಿದುಕೊಂಡೇ ಇದ್ದ. ಅಷ್ಟರಲ್ಲಿ ಎಮ್ಮೆ ಕರು ಹಾಕಿತ್ತು.

"ದಾಕ್ಷಿಣ್ಯ ಕಣೇ, ಏನ್ಮಾಡ್ಲಿ?" ಅನ್ನುತ್ತಿದ್ದ ಹೆಂಡತಿ ಹೊಂಬಾಳಮ್ಮನಿಗೆ.

"ನಿಮ್ಮ ದಾಕ್ಷಿಣ್ಯಕ್ಕೆ ಒಂದಿನ ಬಿಸಿನೀರು ಹುಯ್ತೀನಿ ನೋಡಿ" ಅನ್ನುತ್ತಿದ್ದಳು ಅವಳು.

ಆ ವರ್ಷ ಊರಿಗೆ ಕೊಕ್ಕರೆ ರೋಗ ಬಂದು ನಾಟಿ ಕೋಳಿಗಳ ಗೂಡೆಲ್ಲ ಬರಿದಾಯಿತು. ಉಳಿದದ್ದು ಮಂಚಯ್ಯನ ಮನೆಯ ಒಂದು ಹುಂಜ, ಒಂದು ಹೇಂಟೆ. ಹೇಂಟೆಯ ಕತ್ತಿನ ಸುತ್ತ ಹೊಂಬಣ್ಣದ ಅಂಚಿದ್ದದ್ದರಿಂದ ಅದಕ್ಕೆ ಜರಿಸೀರೆ ಅಂತ ಹೆಸರು. ಹೊಂಬಾಳಮ್ಮನ ತವರಿನಿಂದ ಬಂದ ತಳಿ ಅದು. ಊರವರು ಆಮೇಲೆ ಸಂತೆಯಿಂದ ತಂದದ್ದೆಲ್ಲ ಬಿಳಿ ಕೋಳಿ. ಅವು ಮೊಟ್ಟೆಯೇನೋ ಇಡುತ್ತವೆ, ಕಾವಿಗೆ ಕೂರುವುದಿಲ್ಲ. ಬಸ್ಸಿಗೆ ಹೊತ್ತಾಯಿತು ಅನ್ನುವ ಹಾಗೆ, ಇಟ್ಟದ್ದರ ಕಡೆ ತಿರುಗಿಯೂ ನೋಡದೆ ಎದ್ದು ಹೋಗುತ್ತವೆ.

ಒಂದು ಬೆಳಿಗ್ಗೆ ಜರಿಸೀರೆ ಬುಟ್ಟಿ ಬಿಟ್ಟು ಏಳಲಿಲ್ಲ. ಮೈಯೆಲ್ಲ ಉಬ್ಬಿಸಿಕೊಂಡು, "ಕ್ರೂಂ, ಕ್ರೂಂ" ಅಂತ ಗೊಣಗುತ್ತಾ ಕೂತಿತ್ತು. ಕೈ ಹಾಕಿದರೆ ಕುಕ್ಕಿತು. ಕಾವಿಗೆ ಬಂದಿತ್ತು. ಹೊಂಬಾಳಮ್ಮ ಬುಟ್ಟಿಗೆ ಹೇನು ಬಾರದಿರಲಿ ಅಂತ ಬೂದಿ ಹಾಸಿದಳು. ಅದರ ಮೇಲೆ ತೌಡು, ತೌಡಿನ ಮೇಲೆ ಹುಲ್ಲು. ಕೂಡಿಟ್ಟಿದ್ದ ಮೊಟ್ಟೆಗಳಲ್ಲಿ ಹದಿಮೂರು ಆರಿಸಿ, ಒಂದೊಂದಕ್ಕೂ ಇದ್ದಿಲಿನಿಂದ ಬೊಟ್ಟಿಟ್ಟು ಕೋಳಿಯ ಕೆಳಗೆ ಸರಿಸಿದಳು. ಅವತ್ತೇ ಅವಳು ಮಗಳ ಬಾಣಂತನಕ್ಕೆ ಹೊರಡಬೇಕಿತ್ತು. ಹೊಸಿಲ ಮೇಲೆ ನಿಂತು ಗಂಡನಿಗೆ ಹೇಳಿದಳು:

"ನೋಡಿ, ಇದಕ್ಕೆ ಎಂಟು ವರ್ಷ ಆಯ್ತು. ಇದೇ ಕೊನೇ ಕಾವು. ಈ ಹದಿಮೂರು ಹೋದ್ರೆ ನಮ್ಮವ್ವನ ಮನೆ ತಳಿ ಹೋಯ್ತು ಅಂತಲೇ. ದಿನಕ್ಕೊಂದು ಸಲ ತಾನೇ ಇಳೀತದೆ, ಕಾಳು ಹಾಕಿ, ನೀರಿಡಿ. ಇದರ ರೆಕ್ಕೆ ಹದಿಮೂರಕ್ಕೆ ಸರಿ. ಹದಿನಾಲ್ಕನೇ ಮೊಟ್ಟೆ ಬ್ರಹ್ಮ ತಂದ್ರೂ ಇಡಬೇಡಿ."

"ಹೂಂ."

"ಇದಕ್ಕೂ ಅದೇ ಹೂಂ! ಅದೇ ನನಗೆ ಭಯ" ಅಂದು ಹೊರಟಳು.

ಬ್ರಹ್ಮ ಬರಲಿಲ್ಲ. ಮೂರನೇ ದಿನ ಊರ ಯಜಮಾನರಾದ ತಮ್ಮಯ್ಯಗೌಡರು ಬಂದರು. ಎರಡು ಬಿಳಿ ಮೊಟ್ಟೆಯನ್ನು ಅಂಗೈಯಲ್ಲಿ ಲಿಂಗದ ಹಾಗೆ ಹಿಡಿದುಕೊಂಡು ಬಂದರು.

"ಏನ್ಲಾ ಮಂಚ, ಹದಿಮೂರಕ್ಕೆ ಜಾಗ ಐತೆ, ಹದಿನೈದಕ್ಕಿಲ್ವಾ?"

ಮಂಚಯ್ಯನಿಗೆ ಹೆಂಡತಿಯ ಮುಖ ನೆನಪಾಯಿತು. ಆದರೆ ಹೆಂಡತಿ ಇಪ್ಪತ್ತು ಮೈಲಿ ದೂರದಲ್ಲಿದ್ದಳು, ಯಜಮಾನರು ಎರಡಡಿ ದೂರದಲ್ಲಿದ್ದರು. "ಹೂಂ, ಇಡಿ" ಅಂದ.

ಸುದ್ದಿ ಬೀದಿಯ ತುದಿ ಮುಟ್ಟಲು ಎಷ್ಟು ಹೊತ್ತು? ಪಕ್ಕದ ಮನೆಯ ನಿಂಗಾಜಮ್ಮ ಗೋಡೆಯ ಮೇಲಿಂದಲೇ ಕೈ ಚಾಚಿದಳು.

"ಒಂದೇ ಒಂದು ಕಣಪ್ಪ. ಅದೂ ಎಷ್ಟು ಚಿಕ್ಕದು ನೋಡು, ಮೊಟ್ಟೆ ಅನ್ನೋಕೇ ನಾಚಿಕೆ. ಯಜಮಾನ್ರುದ್ದಾದ್ರೆ ಆಯ್ತದೆ, ನಂದಾದ್ರೆ ಆಗಕ್ಕಿಲ್ವಾ?"

"ಹೂಂ ನಿಂಗಾಜಕ್ಕ."

ಟೀ ಅಂಗಡಿಯ ಸೋಮಾಚಾರಿ ಮೂರು ತಂದ. ಅವನ ವಾದವೇ ಬೇರೆ. "ನಾನೇನು ಜಾಗ ಕೇಳ್ತಿಲ್ಲ ಮಂಚಣ್ಣ, ಬರೀ ಬಿಸಿ ಕೇಳ್ತಿದೀನಿ. ಬಿಸಿ ಹಂಚಿದ್ರೆ ಸವೀತದಾ?"

ಉತ್ತರ ಹೊಳೆಯದಿದ್ದಾಗ ಮಂಚಯ್ಯ ಅನ್ನುತ್ತಿದ್ದದ್ದೂ 'ಹೂಂ'. ಹೀಗೆ ದಿನಕ್ಕೊಬ್ಬರು ಇಬ್ಬರು ಬಂದು, ಒಂಬತ್ತನೇ ದಿನಕ್ಕೆ ಬುಟ್ಟಿಯಲ್ಲಿ ಇಪ್ಪತ್ತೆಂಟು ಮೊಟ್ಟೆ ಆದವು.

ಜರಿಸೀರೆ ಪಾಪ, ಬೇಲಿಯ ಮೇಲೆ ಒಣಹಾಕಿದ ಸೀರೆಯ ಹಾಗೆ ರೆಕ್ಕೆ ಹರಡಿಕೊಂಡು ಕೂತಿತ್ತು. ಆದರೂ ನಾಲ್ಕು ಕಡೆಯಿಂದ ಮೊಟ್ಟೆಗಳು ಇಣುಕುತ್ತಿದ್ದವು. ಕೋಳಿ ಬಹಳ ನ್ಯಾಯವಂತ ಪ್ರಾಣಿ. ಅಂಚಿನಲ್ಲಿದ್ದದ್ದನ್ನು ಕೊಕ್ಕಿನಿಂದ ಒಳಗೆ ಎಳೆದುಕೊಳ್ಳುತ್ತದೆ, ಒಳಗಿದ್ದದ್ದನ್ನು ಅಂಚಿಗೆ ಸರಿಸುತ್ತದೆ. ಹದಿಮೂರೇ ಇದ್ದಾಗ ಅಂಚಿಗೂ ಬಿಸಿ ತಗಲುತ್ತಿತ್ತು. ಇಪ್ಪತ್ತೆಂಟಾದ ಮೇಲೆ ಅಂಚಿಗೆ ಹೋದದ್ದು ತಣ್ಣಗಾಗುತ್ತಿತ್ತು. ಅಂದರೆ ಹೆಚ್ಚಾದ ಹದಿನೈದು ಮಾತ್ರ ಕೆಡುವುದಲ್ಲ, ಸರದಿಯ ಮೇಲೆ ಇಪ್ಪತ್ತೆಂಟೂ ಕೆಡುವ ಏರ್ಪಾಟು.

ಮಂಚಯ್ಯನಿಗೆ ಇದು ತಿಳಿದದ್ದು ಹತ್ತನೇ ದಿನ ಬೆಳಿಗ್ಗೆ. ಜರಿಸೀರೆ ಕಾಳಿಗೆ ಇಳಿದಿತ್ತು. ಅವನು ಸುಮ್ಮನೆ ಕೈಯಾಡಿಸಿದ. ಅಂಚಿನಲ್ಲಿದ್ದ ಒಂದು ಮೊಟ್ಟೆ ಕೆರೆಯಿಂದ ಎತ್ತಿದ ಕಲ್ಲಿನ ಹಾಗೆ ಕೊರೆಯುತ್ತಿತ್ತು. ತಿರುಗಿಸಿ ನೋಡಿದ. ಇದ್ದಿಲಿನ ಬೊಟ್ಟಿತ್ತು. ಪಕ್ಕದ್ದು ಮುಟ್ಟಿದ. ಅದೂ ತಣ್ಣಗೆ. ಅದಕ್ಕೂ ಬೊಟ್ಟಿತ್ತು.

ಎರಡನ್ನೂ ಕೋಳಿ ಕೂತಿದ್ದ ನಡುಜಾಗದ ಬಿಸಿಗೆ ಸರಿಸಿದ. ಇನ್ನೊಂದು ಬೊಟ್ಟಿನ ಮೊಟ್ಟೆ ತೆಗೆದು, ಹೆಂಚಿನ ಸಂದಿಯಿಂದ ಕೋಲಿನಂತೆ ಇಳಿಯುತ್ತಿದ್ದ ಬಿಸಿಲಿಗೆ ಹಿಡಿದ. ಚಿಪ್ಪಿನೊಳಗೆ ಕೆಂಪು ನೂಲಿನ ಬಲೆ. ಬಲೆಯ ನಡುವೆ ಕಡಲೆಕಾಳಿಗಿಂತ ತುಸು ದೊಡ್ಡದಾದ ಕಪ್ಪು. ಅವನು ನೋಡುತ್ತಿದ್ದಂತೆ ಆ ಕಪ್ಪು ಒಂದು ಸಲ ಮಿಡುಕಿತು, ಯಾರೋ ಒಳಗಿನಿಂದ 'ಇದ್ದೀನಿ' ಅಂದ ಹಾಗೆ.

ಅಷ್ಟರಲ್ಲಿ ಬಾಗಿಲಲ್ಲಿ ಕೆಮ್ಮಿದ ಸದ್ದು. ತಮ್ಮಯ್ಯಗೌಡರು. ಈ ಸಲ ಕೈಯಲ್ಲಿ ಹಸಿರು ಛಾಯೆಯ ದಪ್ಪ ಮೊಟ್ಟೆ.

"ಬಾತುಕೋಳೀದು ಕಣ್ಲಾ ಮಂಚ. ನಮ್ಮ ಬೀಗರು ಕೊಟ್ಟವ್ರೆ. ಇದೊಂದು ಸೇರಿಸ್ಬುಡು. ಇಪ್ಪತ್ತೆಂಟು ದಿನ ಬೇಕಂತೆ, ಅವಸರ ಇಲ್ಲ."

ಹಳೇ ಅಭ್ಯಾಸದ 'ಹೂಂ' ಮಂಚಯ್ಯನ ಹೊಟ್ಟೆಯಿಂದ ಹೊರಟು, ಎದೆ ದಾಟಿ, ಗಂಟಲಿಗೆ ಬಂತು. ಅವನ ಕೈಯಲ್ಲಿ ಆ ಮೊಟ್ಟೆ ಇನ್ನೂ ಇತ್ತು. ಇದಕ್ಕೂ ಹೂಂ ಅಂದರೆ ಇದರೊಳಗೆ ಮಿಡುಕಿದ್ದಕ್ಕೆ ಏನು ಹೇಳೋದು? ಆ ಯೋಚನೆ ಗಂಟಲಲ್ಲಿ ಅಡ್ಡ ಕೂತಿತು. ಹೂಂ ಅಲ್ಲೇ ತಿಣುಕಾಡಿತು, ಹೊರಳಿತು, ಉಲ್ಟಾ ಆಯಿತು.

"ಉಹೂಂ!"

ನಲವತ್ತೊಂಬತ್ತು ವರ್ಷ ಒಳಗೇ ಕೂಡಿಬಿದ್ದಿದ್ದ ಉಹೂಂ ಅದು. ಹುಣಸೆಮರದ ಕಾಗೆಗಳೆಲ್ಲ ಒಟ್ಟಿಗೆ ಎದ್ದುಹೋದವು. ರಸ್ತೆಯಲ್ಲಿ ಹೋಗುತ್ತಿದ್ದ ಬಸ್ಸು ಗಕ್ಕನೆ ನಿಂತು, ಕಂಡಕ್ಟರ್ ಇಳಿದು, "ಯಾರ್ರೀ ಕೂಗಿದ್ದು? ಹತ್ತೋರಿದ್ದೀರಾ?" ಅಂತ ಕೇಳಿದ. ಯಜಮಾನರ ಕೈಯಲ್ಲಿದ್ದ ಬಾತುಮೊಟ್ಟೆ ಒಂದು ಗೇಣು ಮೇಲೆ ನೆಗೆದು ಮತ್ತೆ ಅವರ ಕೈಗೇ ಬಿತ್ತು.

"ಏನಂದೆ?"

"ಉಹೂಂ ಅಂದೆ, ಯಜಮಾನ್ರೇ. ನನಗೂ ಈಗಲೇ ಗೊತ್ತಾಗಿದ್ದು."

ಸದ್ದಿಗೆ ಬೀದಿಯೆಲ್ಲ ಸೇರಿತು. ಮಂಚಯ್ಯ ಈ ಸಲ ಪೂರ್ತಿ ಹೇಳಿದ. "ತಪ್ಪು ನಂದೇ. ಈ ಕೋಳಿ ಹದಿಮೂರಕ್ಕಿಂತ ಹೆಚ್ಚು ಮುಚ್ಚಲಾರದು. ನಿಮ್ಮವೂ ಕೆಡ್ತಾವೆ, ನಮ್ಮವೂ ಕೆಡ್ತಾವೆ. ದಯವಿಟ್ಟು ನಿಮ್ಮ ನಿಮ್ಮ ಮೊಟ್ಟೆ ತಗೊಳ್ಳಿ."

"ಅಯ್ಯೋ ನಿನ್ನ!" ನಿಂಗಾಜಮ್ಮ ಸೊಂಟದ ಮೇಲೆ ಕೈಯಿಟ್ಟಳು. "ಇದನ್ನ ಅವತ್ತೇ ಹೇಳಕ್ಕೇನಾಗಿತ್ತು? ನಮ್ಮ ನಾದಿನಿ ಊರು ಬಸವನಕಟ್ಟೇಲಿ ಮೂರು ಹೇಂಟೆ ಕಾವಿಗೆ ಬಂದವೆ. ಕೂರಿಸೋಕೆ ಮೊಟ್ಟೆ ಇಲ್ಲ ಅಂತ, ಕಾವು ಬಿಡಿಸೋಕೆ ದಿನಾ ನೀರಿನ ತೊಟ್ಟೀಲಿ ಮುಳುಗಿಸಿ ಮುಳುಗಿಸಿ ತೆಗೀತಾವ್ರೆ!"

"ಮತ್ತೆ ನೀನಾದ್ರೂ ಅವತ್ತೇ ಯಾಕೆ ಹೇಳ್ಲಿಲ್ಲಕ್ಕ?"

"ನೀನು ಹೂಂ ಅಂದ್ಯಲ್ಲ! ನೀನು ಹೂಂ ಅಂದ ಮೇಲೆ ನಾನ್ಯಾಕಪ್ಪ ಯೋಚ್ನೆ ಮಾಡ್ಲಿ?"

ಇದನ್ನು ಮಂಚಯ್ಯ ಎಂದೂ ಯೋಚಿಸಿಯೇ ಇರಲಿಲ್ಲ.

ಅರ್ಧ ಗಂಟೆಯೊಳಗೆ ಮೆರವಣಿಗೆ ಹೊರಟಿತು. ಬಿಸಿ ತೌಡಿನಲ್ಲಿ ಹುದುಗಿಸಿದ ಮೊಟ್ಟೆಗಳನ್ನು ಮಡಿಲಲ್ಲಿ ಕಟ್ಟಿಕೊಂಡು ಹೆಂಗಸರು, ಅಂಗಿಯೊಳಗೆ ಇಟ್ಟುಕೊಂಡು ಗಂಡಸರು, ಮೂರು ಮೈಲಿ ದೂರದ ಬಸವನಕಟ್ಟೆಗೆ ಬಗ್ಗದೆ, ಕುಲುಕದೆ, ಸೀನು ಬಂದರೆ ಮೂಗು ಹಿಡಿದುಕೊಂಡು ನಡೆದರು. ಮಂಚಯ್ಯನೂ ಜೊತೆಗೆ ಹೋಗಿ ಮುಂದೆ ನಿಂತು ಕೇಳಿಕೊಂಡ. ತೊಟ್ಟಿಯ ಸ್ನಾನದಿಂದ ಬೇಸತ್ತಿದ್ದ ಮೂರು ಹೇಂಟೆಗಳು ಮೊಟ್ಟೆ ಕಂಡದ್ದೇ ಓಡಿ ಬಂದು ಕೂತವು.

ಯಜಮಾನರು ಮಾತ್ರ ಹೋಗಲಿಲ್ಲ. ಬಾತುಮೊಟ್ಟೆಯನ್ನು ಬೀಗರಿಗೇ ವಾಪಸ್ಸು ಕಳಿಸಿದರು. "ನನ್ನ ಮೊಟ್ಟೆ ಬೇರೆ ಊರಿನ ಕೋಳಿ ಕೆಳಗಾ?" ಅಂತ ಉಳಿದ ಎರಡನ್ನೂ ತಮ್ಮ ರುಮಾಲಿನ ಒಳಗೆ ಇಟ್ಟುಕೊಂಡು ಕಟ್ಟಿಕೊಂಡರು. ಹದಿಮೂರು ದಿನ ತಲೆ ಬಗ್ಗಿಸಲಿಲ್ಲ. ಹದಿನಾಲ್ಕನೇ ದಿನ ಅರಳಿಕಟ್ಟೆಯ ಮೇಲೆ ಒಂದು ಜಗಳದ ನ್ಯಾಯ ಹೇಳುತ್ತಿರುವಾಗ ಅವರ ತಲೆಯಿಂದ "ಪಿಯಾಂ, ಪಿಯಾಂ" ಅಂತ ಕೇಳಿಸಿತು. ಜಗಳವಾಡುತ್ತಿದ್ದವರಿಬ್ಬರೂ ಎದ್ದು ಕೈಮುಗಿದರು. "ಯಜಮಾನ್ರ ತಲೇಲಿ ಕೊನೆಗೂ ಏನೋ ಹೊಳೀತು" ಅಂದ ಸೋಮಾಚಾರಿ.

ಇತ್ತ ಮಂಚಯ್ಯನ ಮನೆಯಲ್ಲಿ ಇಪ್ಪತ್ತೊಂದನೇ ದಿನ ಚಿಪ್ಪುಗಳು ಬಿರಿದವು. ಒಂದು, ಎರಡು, ಐದು, ಹನ್ನೊಂದು. ಎರಡು ಮೊಟ್ಟೆ ಸುಮ್ಮನಿದ್ದವು. ಇನ್ನೂ ಒಂದು ದಿನ ಕಾದ. ಮತ್ತೂ ಸುಮ್ಮನಿದ್ದವು. ಆ ಎರಡನ್ನು ನುಗ್ಗೆಮರದ ಬುಡದಲ್ಲಿ ಹೂತು, ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದ. ಆಮೇಲೆ ಮರಿಗಳು ಕರೆದವು. ಹುಟ್ಟಿದ ದಿನ ಮರಿಯ ಹೊಟ್ಟೆಯೊಳಗೇ ಬುತ್ತಿ ಇರುತ್ತದೆ, ಅದಕ್ಕೆ ಏನೂ ಬೇಡ. ಮಾರನೇ ದಿನ ನುಚ್ಚು ಹಾಕಿದ. ತಟ್ಟೆಯ ನೀರಿನಲ್ಲಿ ಮರಿ ಮುಳುಗದಿರಲಿ ಅಂತ ಬೆಣಚುಕಲ್ಲು ಹರಡಿದ. ಹದ್ದು ಸುತ್ತಿದರೆ ಮುಚ್ಚಲು ದೊಡ್ಡ ಮಂಕರಿ ಪಕ್ಕದಲ್ಲೇ ಇಟ್ಟುಕೊಂಡ.

ಆ ಮಧ್ಯಾಹ್ನವೇ ಹೊಂಬಾಳಮ್ಮ ಬಸ್ಸಿಳಿದು ಬಂದಳು. ಚೀಲ ಕೈಯಲ್ಲಿ ಹಿಡಿದುಕೊಂಡೇ ಮರಿ ಎಣಿಸಿದಳು. ಅವು ಒಂದು ಕಡೆ ನಿಲ್ಲದೆ ಮೊದಲ ಸಲ ಒಂಬತ್ತಾಯಿತು, ಎರಡನೇ ಸಲ ಹದಿನಾಲ್ಕಾಯಿತು, ಮೂರನೇ ಸಲ ಹನ್ನೊಂದಕ್ಕೆ ನಿಂತಿತು.

"ನಾನು ಇಟ್ಟಿದ್ದು ಹದಿಮೂರು."

ಗೋಡೆಯ ಆಚೆಯಿಂದ ನಿಂಗಾಜಮ್ಮ ಪಿಸುಗುಟ್ಟಿದಳು. ಆ ಪಿಸುಮಾತು ಬಸ್ ಸ್ಟ್ಯಾಂಡಿಗೆ ಕೇಳಿಸುವಂಥದ್ದು. "ಹದ್ದು ಎತ್ಕೊಂಡೋಯ್ತು ಅನ್ನು ಮಂಚಯ್ಯ! ಅನ್ನು!"

"ಉಹೂಂ" ಅಂದ ಮಂಚಯ್ಯ. "ಹದ್ದಲ್ಲ. ನಾನು. ಎಲ್ಲರಿಗೂ ಹೂಂ ಅಂದೆ. ಏಳು ದಿನ ತಡವಾಗಿ ಉಹೂಂ ಅಂದೆ. ಆ ಎರಡು ಅಷ್ಟರೊಳಗೆ ತಣ್ಣಗಾಗಿದ್ದವು."

ಹೊಂಬಾಳಮ್ಮ ಬುಟ್ಟಿಯ ಕಡೆ ಬಗ್ಗಿದಳು. ಜರಿಸೀರೆಯ ರೆಕ್ಕೆಯಡಿಯಿಂದ ಒಂದು ಮರಿ ತಲೆ ಹಾಕಿ ನೋಡಿ ಒಳಗೆ ಹೋಯಿತು. ಅದರ ಕತ್ತಿಗೂ ತೆಳುವಾದ ಹೊಂಬಣ್ಣದ ಅಂಚಿತ್ತು.

"ಹೋಗ್ಲಿ, ತಳಿ ಉಳೀತಲ್ಲ" ಅಂದಳು. ಆಮೇಲೆ ಗಂಡನ ಮುಖವನ್ನೇ ನೋಡಿ ಕಣ್ಣರಳಿಸಿದಳು. "ಏನಂದ್ರಿ? ಉಹೂಂ ಅಂದ್ರಾ? ನಮ್ಮ ಮದುವೆಯಾಗಿ ಇಪ್ಪತ್ತೇಳು ವರ್ಷಕ್ಕೆ ಈ ಮಾತು ಕೇಳ್ತಾ ಇದ್ದೀನಲ್ಲ! ಇನ್ನೊಂದು ಸಲ ಅನ್ನಿ, ಕೇಳೋಣ."

"ಉಹೂಂ" ಅಂದ ಮಂಚಯ್ಯ, ಹಿಗ್ಗಿನಿಂದ.

"ಚೆನ್ನಾಗಿದೆ. ತಗೊಳ್ಳಿ, ಈ ಚೀಲ ಹಿಡ್ಕೊಳ್ಳಿ."

"ಉಹೂಂ."

ಹೊಂಬಾಳಮ್ಮ ಬರೀ ನೋಡಿದಳು.

"ಹೂಂ" ಅಂದು ಮಂಚಯ್ಯ ಚೀಲ ಇಸಿದುಕೊಂಡ.

ನೀತಿ: ದಾಕ್ಷಿಣ್ಯದ 'ಹೂಂ' ಅಂದವನನ್ನೂ ಕೆಡಿಸುತ್ತದೆ, ಕೇಳಿದವನನ್ನೂ ಕೆಡಿಸುತ್ತದೆ. ನಮ್ಮ ಕೈಲಾಗದ್ದನ್ನು ಮೊದಲ ದಿನವೇ 'ಉಹೂಂ' ಅಂದುಬಿಟ್ಟರೆ ಕೇಳಿದವರು ಬೇರೆ ದಾರಿ ಹುಡುಕಿಕೊಳ್ಳುತ್ತಾರೆ, ನಮ್ಮನ್ನು ನಂಬಿ ಕೂತವರೂ ಉಳಿಯುತ್ತಾರೆ.

ಅಂದಹಾಗೆ, ಒಂದೇ ಒಂದು ಸಣ್ಣ ವಿಷಯ ನಾನು ಸೇರಿಸಿದ್ದು. ಯಜಮಾನರು ಮೊಟ್ಟೆ ಇಟ್ಟುಕೊಂಡದ್ದು ರುಮಾಲಿನಲ್ಲಲ್ಲ, ಮಂಕಿ ಕ್ಯಾಪಿನಲ್ಲಿ. ಊರ ಯಜಮಾನರು ಅಂದ ಮೇಲೆ ರುಮಾಲೇ ಶೋಭೆ ಅಂತ ಹಾಗೆ ಹೇಳಿದೆ. ಮಿಕ್ಕದ್ದೆಲ್ಲ ನಡೆದದ್ದು ನಡೆದ ಹಾಗೆಯೇ.