ಗೋಡೆಯಾಚೆಯ ಕೇಸರಿ

"ಗುರುಗಳೇ, ಸಾಕ್ಷಿ ಸಿಗುವವರೆಗೆ ಯಾರನ್ನೂ ನಂಬಬಾರದೆಂದು ನಿಶ್ಚಯಿಸಿದ್ದೇನೆ. ಇದರಲ್ಲಿ ತಪ್ಪೇನಾದರೂ ಇದೆಯೇ?" ಎಂದು ಗುರುಬಸವ ಕೇಳಿದ.

ಉತ್ತರವಾಗಿ ಗುರುಗಳಾದ ಅಡವಯ್ಯನವರು ಒಂದು ಕತೆ ಹೇಳಿದರು.

ಉತ್ತರದ ಚಳಿನಾಡಿನ ಒಂದು ಊರಿನಲ್ಲಿ ಒಬ್ಬ ಕಂಬಳಿ ವ್ಯಾಪಾರಿಯಿದ್ದ. ಹೆಂಡತಿ ತೀರಿಕೊಂಡಿದ್ದಳು. ಮಕ್ಕಳಿರಲಿಲ್ಲ. ಹಗಲು ಅಂಗಡಿಯಲ್ಲಿ ಮಾತಿಗೆ ಕೊರತೆಯಿರಲಿಲ್ಲ. ಮನೆಗೆ ಬಂದರೆ ಬಾಯಿಗೆ ಕೆಲಸವಿರಲಿಲ್ಲ. ತಾನು ಮಾಡಿದ ಸಾರಿಗೆ ಉಪ್ಪು ಹೆಚ್ಚಾಯಿತು ಎಂದು ಬೈಯುವುದಕ್ಕೂ ಅಲ್ಲಿ ಇನ್ನೊಂದು ಜೀವವಿರಲಿಲ್ಲ.

ಅವನ ಹಿತ್ತಿಲ ಗೋಡೆಯಾಚೆ ಒಬ್ಬ ಹೆಂಗಸು ವಾಸವಾಗಿದ್ದಳು. ಊರವರ ಉಣ್ಣೆಯಿಂದ ನೂಲು ತೆಗೆದುಕೊಟ್ಟು ಹೊಟ್ಟೆ ಹೊರೆಯುತ್ತಿದ್ದಳು. ಅವಳಿಗೂ ಹಿಂದೆಮುಂದೆ ಯಾರೂ ಇರಲಿಲ್ಲ. ಬೆಳಗ್ಗೆ ತನ್ನ ಹಿತ್ತಿಲ ಬಾವಿಗೆ ನೀರು ಸೇದಲು ಬಂದವಳು, ಗೋಡೆಯಾಚೆಯಿಂದ "ಎದ್ದಿರಾ ಅಣ್ಣಾ?" ಎಂದು ಕೇಳುತ್ತಿದ್ದಳು. "ಎದ್ದೆ ತಂಗಿ" ಎನ್ನುತ್ತಿದ್ದ. ಅದಕ್ಕಿಂತ ಹೆಚ್ಚಿನ ಮಾತು ಅವರ ನಡುವೆ ಇರಲಿಲ್ಲ.

ಒಮ್ಮೆ ಕಂಬಳಿ ಕೊಳ್ಳಲು ಬಂದ ರೈತನೊಬ್ಬ ಒಂದು ಬೊಗಸೆ ಗೆಡ್ಡೆ ಕೊಟ್ಟು ಹೋದ. ಹಾಲಿಗೆ ಹಾಕುವ ಕೇಸರಿಯ ಗೆಡ್ಡೆ. ಬೇಸಿಗೆಯೆಲ್ಲ ಅದು ಮಣ್ಣಿನೊಳಗೆ ಮಲಗಿರುತ್ತದೆ, ಸತ್ತಿತೆಂದು ಕಿತ್ತುಹಾಕಬೇಡಿ ಎಂದು ಹೇಳಿದ್ದ. ವ್ಯಾಪಾರಿ ನೀರು ನಿಲ್ಲದ ಜಾಗ ನೋಡಿ ಹಿತ್ತಿಲಲ್ಲಿ ನೆಟ್ಟ. ತಿಂಗಳುಗಟ್ಟಲೆ ಬರಿ ಮಣ್ಣನ್ನೇ ನೋಡಿದ. ಮಳೆ ಹಿಂದೆಗೆದು ಚಳಿ ಕಾಲಿಟ್ಟ ಒಂದು ಬೆಳಗ್ಗೆ, ಎಲೆಗಿಂತ ಮೊದಲು ಹೂ ಮೇಲೆದ್ದಿತ್ತು. ನೇರಳೆ ಬಣ್ಣದ ಹೂ, ಒಳಗೆ ಕೆಂಪು ಎಳೆ.

ಅವನಿಗೆ ಯಾರನ್ನಾದರೂ ಕರೆದು ತೋರಿಸಬೇಕೆನಿಸಿತು. ಗೋಡೆಯ ಮೇಲಿಂದ ಆ ಹೆಂಗಸನ್ನು ಕರೆದ. ಅವಳು ಬಂದು ಕುಕ್ಕರಗಾಲಿನಲ್ಲಿ ಕುಳಿತು ಹೂವನ್ನು ನೋಡಿದಳು. ನೋಡುತ್ತ ನೋಡುತ್ತ ನಕ್ಕುಬಿಟ್ಟಳು. ಅವನೂ ನಕ್ಕ. ಆ ಮನೆಯಲ್ಲಿ ನಗು ಕೇಳಿಸಿ ಬಹಳ ಕಾಲವಾಗಿತ್ತು.

ವರ್ಷದಿಂದ ವರ್ಷಕ್ಕೆ ಗೆಡ್ಡೆ ಮರಿ ಹಾಕಿತು, ಪಾತಿ ದೊಡ್ಡದಾಯಿತು. ವ್ಯಾಪಾರಿ ಹೂವಿನ ಕಾಲದಲ್ಲಿ ಅಂಗಡಿಯನ್ನು ಬೇಗ ಮುಚ್ಚತೊಡಗಿದ. ಮನೆಗೆ ಹೋಗಲು ಈಗ ಅವನಿಗೊಂದು ಕಾರಣವಿತ್ತು.

ಒಂದು ವರ್ಷ ಪಾತಿಯ ಅರ್ಧಭಾಗ ಬರಿದಾಗಿಯೇ ಉಳಿಯಿತು. ಅವನು ತಲೆಯೆತ್ತಿ ನೋಡಿದರೆ, ಗೋಡೆಯಾಚೆ ಅವಳ ಬಾವಿಯ ಪಕ್ಕದಲ್ಲಿ ಕೇಸರಿ ಹೂ ಬಿಟ್ಟಿತ್ತು.

"ಇದು ಅಲ್ಲಿಗೆ ಹೇಗೆ ಬಂತು?" ಎಂದು ಅವಳನ್ನು ಕರೆದು ಕೇಳಿದ.

"ನೀವೇ ನೆಟ್ಟಿದ್ದೀರಿ ಅಂದುಕೊಂಡೆ ಅಣ್ಣಾ. ಹೇಳದೆ ಕೊಟ್ಟದ್ದನ್ನು ಕೇಳಬಾರದು ಅಂತ ಸುಮ್ಮನಿದ್ದೆ" ಎಂದಳು. ಅವಳ ಮುಖದಲ್ಲಿ ಇನ್ನೂ ಸಂತೋಷವಿತ್ತು.

"ಗೆಡ್ಡೆಗೇನು ಕಾಲು ಬಂದು ಗೋಡೆ ಹತ್ತಿತೇ?" ಎಂದು ಅವನು ದನಿಯೇರಿಸಿದ.

ಕಳ್ಳಿ ಎಂಬ ಮಾತನ್ನು ಅವನು ಆಡಲಿಲ್ಲ. ಆಡಬೇಕಾಗಿಯೂ ಇರಲಿಲ್ಲ. ಬೀದಿಯವರು ಕೇಳಿಸಿಕೊಂಡಿದ್ದರು.

ಅಂದು ಸಂಜೆಯೇ ಅವಳು ಗೆಡ್ಡೆಗಳನ್ನೆಲ್ಲ ಅಗೆದು, ಬುಟ್ಟಿಯಲ್ಲಿ ತುಂಬಿ, ಅವನ ಬಾಗಿಲಲ್ಲಿಟ್ಟು ಹೋದಳು. ಊರಿನವರು ಅವಳಿಗೆ ಉಣ್ಣೆ ಕೊಡುವುದನ್ನು ನಿಲ್ಲಿಸಿದರು. ಕೈಗೆ ಕೆಲಸವಿಲ್ಲದೆ, ಚಳಿ ಕಳೆಯುವ ಮೊದಲೇ ಅವಳು ಮನೆಗೆ ಬೀಗ ಹಾಕಿ ಊರು ಬಿಟ್ಟಳು.

ವ್ಯಾಪಾರಿ ಗೆಡ್ಡೆಗಳನ್ನು ಮತ್ತೆ ತನ್ನ ಪಾತಿಯಲ್ಲಿ ನೆಟ್ಟ. ತನ್ನದು ತನಗೆ ಬಂತು ಎಂದುಕೊಂಡ. ಆದರೆ ಬೆಳಗ್ಗೆ ಹಿತ್ತಿಲ ಬಾಗಿಲು ತೆರೆದವನು, ತನಗೇ ತಿಳಿಯದಂತೆ ಅಲ್ಲೇ ನಿಲ್ಲುತ್ತಿದ್ದ. ಏನನ್ನು ಕಾಯುತ್ತಿದ್ದೇನೆಂದು ಅವನಿಗೆ ಕೆಲವು ದಿನ ಗೊತ್ತಾಗಲಿಲ್ಲ. ಗೊತ್ತಾದ ಮೇಲೆ ಆ ಬಾಗಿಲು ತೆರೆಯುವುದನ್ನೇ ಕಡಿಮೆ ಮಾಡಿದ.

ಮರುವರ್ಷ ಹೂವಿನ ಕಾಲ ಬಂತು. ಪಾತಿಯಲ್ಲಿ ಮತ್ತೆ ಬರಿದಾದ ಜಾಗಗಳು ಕಂಡವು. ಗೋಡೆಯಾಚೆ, ಬೀಗ ಹಾಕಿದ ಮನೆಯ ಹಿತ್ತಿಲಲ್ಲಿ, ನೋಡುವವರಿಲ್ಲದೆ ಹೂ ಬಿಟ್ಟಿತ್ತು. ಅವನು ಗುದ್ದಲಿ ತಂದು ಪಾತಿ ಅಗೆದ. ಮಣ್ಣಿನೊಳಗೆ ಹೆಗ್ಗಣದ ಬಿಲ ಸಿಕ್ಕಿತು. ಅದು ಗೋಡೆಯ ಅಡಿಯಿಂದ ಆಚೆಗೆ ಹೋಗಿತ್ತು. ದಾರಿಯುದ್ದಕ್ಕೂ ಗೆಡ್ಡೆಗಳು ಬಿದ್ದಿದ್ದವು.

ಅವನು ಅಂಗಡಿಗೆ ಬೀಗ ಹಾಕಿ ಅವಳನ್ನು ಹುಡುಕಿಕೊಂಡು ಹೊರಟ. ನೂಲುವವರು ಇರುವ ಊರೂರಿಗೆ ಹೋಗಿ ವಿಚಾರಿಸಿದ. ಕೊನೆಗೆ ದೂರದ ಒಂದು ಪೇಟೆಯಲ್ಲಿ, ಯಾರದೋ ಮನೆಯ ಕೊಟ್ಟಿಗೆಯ ಪಕ್ಕದಲ್ಲಿ ಅವಳು ನೂಲುತ್ತ ಕುಳಿತಿದ್ದಳು. ಕೂದಲು ನೆರೆತಿತ್ತು.

"ತಪ್ಪಾಯಿತು ತಂಗಿ. ಗೆಡ್ಡೆ ಒಯ್ದದ್ದು ಹೆಗ್ಗಣ. ಬಿಲವನ್ನು ಕಣ್ಣಾರೆ ಕಂಡೆ" ಎಂದ.

"ನಾನೂ ಕಂಡಿದ್ದೆ ಅಣ್ಣಾ, ಗೆಡ್ಡೆ ಅಗೆದ ದಿನವೇ."

ವ್ಯಾಪಾರಿ ಬೆರಗಾದ. "ಮತ್ತೆ ಯಾಕೆ ಹೇಳಲಿಲ್ಲ? ಕರೆದು ತೋರಿಸಿದ್ದರೆ ಅಂದೇ ನಂಬುತ್ತಿದ್ದೆನಲ್ಲ?"

"ಬಿಲವನ್ನು ನಂಬುತ್ತಿದ್ದಿರಿ" ಎಂದಳು ಅವಳು.

ಅವನಿಗೆ ಕುಡಿಯಲು ನೀರು ಕೊಟ್ಟಳು. ಕೈಲಿದ್ದ ಎಳೆ ಕಡಿಯದ ಹಾಗೆ ನೂಲುವುದನ್ನು ಮುಂದುವರಿಸಿದಳು. ಊರಿಗೆ ಬಾ ಎಂದು ಅವನು ಕರೆದ. ಅವಳು ಇಲ್ಲವೆಂದು ತಲೆಯಾಡಿಸಿದಳು. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವನು ಇನ್ನೂ ಸ್ವಲ್ಪ ಹೊತ್ತು ಕುಳಿತಿರುತ್ತಿದ್ದ. ಎದ್ದು, ಬಂದ ದಾರಿಯಲ್ಲೇ ಒಬ್ಬನೇ ಹಿಂದಿರುಗಿದ.

ಅಡವಯ್ಯನವರು ಕತೆ ನಿಲ್ಲಿಸಿದರು.

ಗುರುಬಸವನಿಗೆ ವ್ಯಾಪಾರಿಯ ಮೇಲೆ ಮರುಕ ಹುಟ್ಟಿತ್ತು.

"ಆದರೂ ಗುರುಗಳೇ, ಆ ಹೆಂಗಸು ಅಂದೇ ಬಿಲವನ್ನು ತೋರಿಸಿಬಿಡಬೇಕಿತ್ತು" ಎಂದ.

"ಸಾಕ್ಷಿ ತರಬೇಕಾದವಳು ಅವಳೇ ಎಂದು ವ್ಯಾಪಾರಿಯಂತೆ ನೀನೂ ಹೇಳಿದೆಯಲ್ಲ" ಎಂದರು ಅಡವಯ್ಯನವರು.

ಗುರುಬಸವ ತಲೆ ತಗ್ಗಿಸಿದ.