ಮೂರ್ಗೋಡೆ ಗುಡ್ಡದ ತೆರೆದ ಬದಿ

ಕಡಲಿನ ಪಕ್ಕದ ನಮ್ಮೂರ ಗುಡ್ಡದ ನೆತ್ತಿಯ ಮೇಲೆ ಕೆಂಪು ಮುರಕಲ್ಲಿನ ಮೂರು ಗೋಡೆಗಳಿವೆ. ಸೂರಿಲ್ಲ, ಬಾಗಿಲಿಲ್ಲ, ಪಡುವಣ ಬದಿ ಪೂರಾ ಬಯಲು. ನಾಲ್ಕನೆಯ ಗೋಡೆ ಬಿದ್ದುಹೋಗಿರಬೇಕು ಎಂದು ಬಂದವರೆಲ್ಲ ಅಂದುಕೊಳ್ಳುತ್ತಾರೆ. ನಾನೂ ಹಾಗೆಯೇ ಅಂದುಕೊಂಡಿದ್ದೆ. ಗುಡ್ಡದ ಬುಡದಲ್ಲಿರುವ ಹಿರಿಯರಾದ ಗುಲಾಬಕ್ಕ ನಕ್ಕುಬಿಟ್ಟರು. "ಬಿದ್ದಿದ್ದರೆ ಅಡಿಪಾಯವಾದರೂ ಇರಬೇಕಲ್ಲ ಮಗಾ, ಅಗೆದು ನೋಡು ಬೇಕಾದರೆ." ಮೂರ್ಗೋಡೆ ಗುಡ್ಡವೆಂಬ ಹೆಸರಿನ ಕಥೆಯನ್ನು ನಾನು ಕೇಳಿದ್ದು ಅವರ ಬಾಯಿಂದಲೇ.

ಹಿಂದೆ ಒಮ್ಮೆ ಈ ಸೀಮೆಯನ್ನು ತಿರುಮಲ ಸಾವಂತನೆಂಬ ಒಡೆಯ ಆಳುತ್ತಿದ್ದನಂತೆ. ಮೆಣಸು ಕೊಳ್ಳಲು ಹಡಗೇರಿ ಬಂದ ಯಹೂದಿಯರಲ್ಲಿ ಅಜರ್ಯ ಎಂಬೊಬ್ಬ ಇಲ್ಲೇ ಉಳಿದು, ಊರವರ ಬಾಯಲ್ಲಿ ಅಜರಯ್ಯನಾದ. ತನ್ನವರ ಧರ್ಮಗ್ರಂಥವನ್ನು ತೊಗಲಿನ ಮೇಲೆ ನಕಲು ಮಾಡುವುದು ಅವನ ಕಸುಬು. ಅವರ ಹೀಬ್ರೂ ಲಿಪಿಯಲ್ಲಿ ಅಕ್ಷರವೇ ಅಂಕಿ. ಹೆಸರಿನ ಅಕ್ಷರಗಳನ್ನು ಕೂಡಿಸಿದರೆ ಒಂದು ಮೊತ್ತ ಬರುತ್ತದೆ. ಎರಡು ಹೆಸರುಗಳ ಮೊತ್ತ ಸಮನಾದರೆ ಅವುಗಳ ನಡುವೆ ಗುಪ್ತವಾದ ನಂಟಿದೆ ಎಂದು ಅವರ ಜ್ಞಾನಿಗಳು ಬಗೆದಿದ್ದರು. ಸಂತೆಯಲ್ಲಿ ಕೇಳಿದವರಿಗೆಲ್ಲ ಅಜರಯ್ಯ ಆಟಕ್ಕೆಂಬಂತೆ ಕೂಡಿಸಿ ಹೇಳುತ್ತಿದ್ದ. "ನನಗೂ ನನ್ನ ಅತ್ತೆಗೂ ನಂಟಿದೆಯೋ ನೋಡು ಅಜರಯ್ಯ" ಎಂದು ಮೀನು ಮಾರುವವಳು ಕೆಣಕಿದರೆ, "ಅದಕ್ಕೆ ಲೆಕ್ಕ ಯಾಕೆ ತಾಯಿ, ನಿಮ್ಮಿಬ್ಬರ ಕೂಗು ಬಂದರಿನವರೆಗೂ ಕೇಳುತ್ತದಲ್ಲ" ಎನ್ನುತ್ತಿದ್ದನಂತೆ.

ಹೀಗಿರುವಾಗ ಒಡೆಯನ ಒಬ್ಬನೇ ಮಗ, ಇನ್ನೂ ಮೊಲೆಹಾಲು ಬಿಡದ ಹೊನ್ನ, ಜ್ವರ ಬಂದು ತೀರಿಕೊಂಡ. ಒಡೆಯನಿಗೆ ವಿಷದ ಗುಮಾನಿ. ಮಗುವಿಗೆ ಹಾಲೂಡಿಸುತ್ತಿದ್ದ ಬೆಳ್ಳಕ್ಕನ ಕೈಕಟ್ಟಿಸಿ ಗುಡ್ಡಕ್ಕೆ ಎಳೆಸಿದ, ಅಜರಯ್ಯನನ್ನೂ ಕರೆಸಿದ. "ನನ್ನ ಮಗನ ಹೆಸರು, ಇವಳ ಹೆಸರು. ಕೂಡಿಸು" ಎಂದ. ಅಜರಯ್ಯ ಮಣ್ಣಿನ ಮೇಲೆ ಬೆರಳಿನಿಂದ ಬರೆದು ಕೂಡಿಸಿದ. ಹೆರದಿದ್ದರೂ ಎಂಥ ನಂಟು ಎಂದು ಅವನ ಕಣ್ಣು ತುಂಬಿತು. ಹಿಂದುಮುಂದು ನೋಡದೆ "ಸಮ ಬಂತು ಒಡೆಯಾ" ಎಂದುಬಿಟ್ಟ. ಅವನು ಮಮತೆಯ ಗುರುತೆಂದು ಹೇಳಿದ್ದನ್ನು ಒಡೆಯ ಕೊಲೆಯ ಗುರುತೆಂದು ತಿಳಿದ. ಭಟರು ಕತ್ತಿ ಹಿರಿದರು.

ಅಜರಯ್ಯ ಅಡ್ಡಬಿದ್ದ. ಮೂರು ಬದಿ ಮುಚ್ಚಿ ಒಂದು ಬದಿ ತೆರೆದ ಅಕ್ಷರವೊಂದನ್ನು ಬೆರಳಿನಿಂದ ಗೀಚಿದ. "ನಮ್ಮ ಗ್ರಂಥ ಶುರುವಾಗುವುದೇ ಇದರಿಂದ, ಒಡೆಯಾ. ಮೇಲೆ, ಕೆಳಗೆ, ಬೆನ್ನಿಗೆ ಮುಚ್ಚಿದೆ; ಎದುರಿಗೆ ಮಾತ್ರ ದಾರಿ. ಮುಚ್ಚಿದ್ದನ್ನು ಕೆದಕಬೇಡ ಎಂಬುದೇ ಇದರ ಒಳಗುಟ್ಟು. ಅಕ್ಷರ ನಂಟು ಹೇಳೀತು, ಅಪರಾಧ ಹೇಳಲಾರದು."

"ಹಾಗೋ? ಆ ಅಕ್ಷರದೊಳಗೇ ಇಬ್ಬರೂ ಕೂತಿರಿ. ಎದುರಿನ ದಾರಿ ನಾನು ಮುಚ್ಚುತ್ತೇನೆ" ಎಂದ ಒಡೆಯ.

ಗೀಚಿದ ಅಕ್ಷರದ ಆಕಾರದಲ್ಲೇ ಇಬ್ಬರ ಸುತ್ತ ಗೋಡೆಗಳೆದ್ದವು. ಒಳಗೆ ಅಜರಯ್ಯ ತನ್ನವರ ಪ್ರಾರ್ಥನೆ ಗುನುಗುತ್ತಿದ್ದ. ಮೂರು ಗೋಡೆ ಮುಗಿದು ನಾಲ್ಕನೆಯದಕ್ಕೆ ಅಳತೆಯ ನೂಲು ಹಿಡಿಯುವ ಹೊತ್ತಿಗೆ ಒಡೆಯನ ಹೆಂಡತಿ ಪದ್ಮಲೆ ಸೂತಕದ ಕೋಣೆಯಿಂದ ಎದ್ದು ಗುಡ್ಡ ಹತ್ತಿ ಬಂದಳು. ಬೆಳ್ಳಕ್ಕನ ಸೆರಗು ಹಾಲಿನಿಂದ ತೊಯ್ದಿತ್ತು. ಮಗು ಹೋದದ್ದು ಅವಳ ಎದೆಗಿನ್ನೂ ತಿಳಿದಿರಲಿಲ್ಲ. ಪದ್ಮಲೆ ನೇರ ಒಳಗೆ ಹೋಗಿ ಅವಳ ಪಕ್ಕದಲ್ಲಿ ಕೂತಳು.

"ಮಗು ಜ್ವರದಿಂದ ಸುಡುವಾಗ ಇವಳ ಮಡಿಲಲ್ಲಿತ್ತು. ನಾನು ಪಕ್ಕದಲ್ಲೇ ಇದ್ದೆ. ನೀವು ಬೇಟೆಗೆ ಹೋಗಿದ್ದಿರಿ. ಈಗ ಕಟ್ಟಿಸಿ."

ಕಲ್ಲುಕುಟಿಗನ ಕೈಯಿಂದ ನೂಲು ಜಾರಿತು. ಒಡೆಯ ತಾನೂ ಒಳಹೋಗಿ, ಹಿಂದಿನ ಗೋಡೆಗೆ ಹಣೆಯಿಟ್ಟು, ಮಗ ಸತ್ತ ಮೇಲೆ ಮೊದಲ ಸಲ ಅತ್ತನಂತೆ. ಬೆಳ್ಳಕ್ಕನ ಕೈಯ ಕಟ್ಟನ್ನು ಪದ್ಮಲೆಯೇ ಬಿಚ್ಚಿದಳು. ಎಲ್ಲರೂ ಕಡಲಿನ ಬದಿಯಿಂದ ಹೊರಬಂದರು.

ನಾಲ್ಕನೆಯ ಗೋಡೆಗೆಂದು ಕಡಿದು ತಂದ ಕಲ್ಲುಗಳು ಇವತ್ತಿಗೂ ಅಲ್ಲೇ ಪಾಚಿಗಟ್ಟಿ ಬಿದ್ದಿವೆ. ಊರಲ್ಲಿ ಎಷ್ಟು ಮನೆಗಳೆದ್ದರೂ ಯಾರೂ ಅವುಗಳಲ್ಲಿ ಒಂದನ್ನೂ ಎತ್ತಿಲ್ಲ. ಗುಡ್ಡ ಹತ್ತಿ ದಣಿದ ತಾಯಂದಿರು ಅವುಗಳ ಮೇಲೆ ಕೂತು, ಗಾಳಿಗೆ ಬೆನ್ನು ಕೊಟ್ಟು, ಮಕ್ಕಳಿಗೆ ಹಾಲೂಡಿಸುತ್ತಾರೆ.