ಜವರನ ಜಾವಾಗೆ ಹೊಸ ಟೈರು

ಒಂದು ಊರು. ಊರಲ್ಲೊಬ್ಬಳು ಕೆಂಪಾಜಮ್ಮ. ಅವಳಿಗೊಬ್ಬ ಮಗ, ಜವರ. ಮೀಸೆ ಬಂದಿತ್ತು. ಬುದ್ಧಿ ಇನ್ನೂ ದಾರಿಯಲ್ಲಿತ್ತು.

ಹಾಲು ಉಕ್ಕುತ್ತೆ, ನೋಡ್ತಿರು ಅಂದರೆ ನೋಡುತ್ತಿದ್ದ. ಉಕ್ಕಿ ಒಲೆ ಆರುವವರೆಗೂ ನೋಡುತ್ತಿದ್ದ. ಆಮೇಲೆ, "ಚೆನ್ನಾಗಿ ಉಕ್ಕಿತು ಕಣಮ್ಮ" ಅನ್ನುತ್ತಿದ್ದ.

ಕೆಂಪಾಜಮ್ಮ ಹಣೆ ಚಚ್ಚಿಕೊಳ್ಳುತ್ತಿದ್ದಳು.

ಅಪ್ಪ ಸತ್ತು ಹೋಗಿದ್ದ. ಬಿಟ್ಟು ಹೋದದ್ದು ಒಂದು ಹಳೇ ಜಾವಾ ಮೋಟಾರ್ ಸೈಕಲ್ಲು. ಜವರನಿಗೆ ಅದನ್ನು ಓಡಿಸಲು ಬರುತ್ತಿತ್ತು. ಅಪ್ಪನೇ ಕಲಿಸಿದ್ದ. ಅದೊಂದು ಬರುತ್ತಿತ್ತು.

ಆದರೆ ಟೈರು ಎರಡೂ ಬಿರುಕು ಬಿಟ್ಟಿದ್ದವು. ಗಾಡಿ ಕೊಟ್ಟಿಗೆ ಸೇರಿತ್ತು. ಸೀಟಿನ ಮೇಲೆ ಕೋಳಿ ಕಾವಿಗೆ ಕೂತಿತ್ತು.

ಒಂದು ದಿನ ಸೋದರಮಾವ ಗಿಡ್ಡೇಗೌಡ ಬಂದ. ಕೋಳಿ ನೋಡಿದ, ಗಾಡಿ ನೋಡಿದ.

"ತಂಗೀ, ಇದನ್ನ ನಾನು ಹೊಡ್ಕೊಂಡು ಹೋಗ್ತೀನಿ."

"ಅವರು ಮಗನ ಹಾಗೆ ಸಾಕಿದ ಗಾಡಿ ಅಣ್ಣ."

"ಸಾಕಿದ ಮಗ ಇವನು ತಾನೇ? ಹೂಂ. ಸೋಮವಾರಕ್ಕೆ ಇವನೇ ಟೈರ್ ಹಾಕಿಸಿ, ಇವನೇ ಓಡಿಸಿಕೊಂಡು ನನ್ನ ಬಾಗಿಲಿಗೆ ಬರಲಿ. ಬಂದ್ರೆ ಗಾಡಿ ಅವನದು. ಬರದಿದ್ರೆ ನನ್ನದು."

ಜವರ ಗಾಡಿಯ ಹ್ಯಾಂಡಲ್ ಹಿಡಿದುಕೊಂಡ. ಕೊಡುವುದಕ್ಕೆ ಅವನಿಗೆ ಮನಸ್ಸಿರಲಿಲ್ಲ.

ಮಾವ ಅತ್ತ ಹೋದ. ಅಮ್ಮ ಇತ್ತ ಹೇಳಿದಳು.

"ಲೋ ಜವರ, ಪೇಟೆಗೆ ಹೋಗು. ಅಮೀರ್ ಸಾಬರ ಅಂಗಡೀಲಿ ಟೈರ್ ನೋಡ್ಕೊಂಡು ಬಾ."

ಜವರ ಹೋದ. ಅಂಗಡಿ ಎದುರಿನ ಕಲ್ಲಿನ ಮೇಲೆ ಕೂತ. ಟೈರ್ ನೋಡಿದ. ಬೆಳಗ್ಗೆ ನೋಡಿದ, ಮಧ್ಯಾಹ್ನ ನೋಡಿದ. ಸಾಬರು ಬಾಗಿಲು ಹಾಕಿದರು. ಎದ್ದು ಬಂದ.

"ನೋಡಿದೆ ಕಣಮ್ಮ."

"ಹೇಗಿದ್ವು?"

"ಕಪ್ಪಗಿದ್ವು."

"ಅಯ್ಯೋ ನಿನ್ನ. ಬರೀ ನೋಡಿದ್ರೆ ಟೈರ್ ಎದ್ದು ಬರುತ್ತೇನೋ? ಬಾಯಿ ಬಿಟ್ಟು ಕೇಳಬೇಕು. ತಿಳೀತಾ? ಬಾಯಿ ಬಿಟ್ಟು ಕೇಳಬೇಕು."

"ತಿಳೀತು."

ಮಾರನೇ ದಿನ ಹೋದ. ಅಂಗಡಿಯೊಳಕ್ಕೇ ಹೋದ. ಬಾಯಿ ಬಿಟ್ಟ. ಅಗಲವಾಗಿ ಬಿಟ್ಟ. ಕಿವಿಗೊಟ್ಟು ಕೇಳುತ್ತಾ ನಿಂತ.

ಸಾಬರು ಕನ್ನಡಕದ ಮೇಲಿಂದ ನೋಡಿದರು.

"ಹಲ್ಲು ನೋವಾ ಮರಿ? ಡಾಕ್ಟ್ರು ಪಕ್ಕದ ಬೀದೀಲಿದ್ದಾರೆ."

ಜವರ ಮಾತಾಡಲಿಲ್ಲ. ಮಾತಾಡಿದರೆ ಬಾಯಿ ಮುಚ್ಚಿಹೋಗುತ್ತದಲ್ಲ. ಸಾಬರು ಇನ್ನೊಬ್ಬ ಗಿರಾಕಿಯ ಕಡೆ ತಿರುಗಿದರು. ಅವರು ಹೇಳಿದ್ದನ್ನೆಲ್ಲ ಜವರ ಕೇಳಿದ. ಒಂದು ನೊಣ ಬಾಯಿಗೆ ಹೋಗಿ ಬಂತು. ಆದರೂ ಕೇಳಿದ. ಓಡೋಡಿ ಮನೆಗೆ ಬಂದ.

"ಅಮ್ಮ, ಕೇಳಿದೆ. ಟೈರಿಗೆ ಮುಕ್ಕಾಲು ಪಾಲು ನೀರು ತುಂಬಿಸಬೇಕಂತೆ."

"ನೀರಾ? ಯಾವ ಟೈರಿಗೋ?"

"ಟ್ರ್ಯಾಕ್ಟರ್ ಟೈರಿಗೆ. ಗದ್ದೆ ಉಳುವಾಗ."

ಕೆಂಪಾಜಮ್ಮ ಗೋಡೆಗೆ ಒರಗಿ ಕೂತಳು.

"ಕಂಡೋರ ಟ್ರ್ಯಾಕ್ಟರ್ ಕಟ್ಕೊಂಡು ನಮಗೇನೋ? ನಮ್ಮ ಹಳೇ ಟೈರನ್ನೇ ಬಿಚ್ಚಿಸಿಕೊಡ್ತೀನಿ. ಅದನ್ನ ಹೊತ್ಕೊಂಡು ಹೋಗು. ಸಾಬರ ಮುಂದೆ ಇಡು. ಇದೇ ಥರದ್ದು ಎರಡು ಕೊಡಿ ಅನ್ನು. ಇದೇ ಥರದ್ದು. ಬೇರೆ ಕೊಟ್ರೆ ಮುಟ್ಟಬೇಡ."

"ಮುಟ್ಟಲ್ಲ."

ಹೊತ್ತುಕೊಂಡು ಹೋದ. ಸಾಬರ ಮುಂದೆ ಇಟ್ಟ. ಈ ಸಲ ಮಾತಾಡಿದ.

"ಇದೇ ಥರದ್ದು ಎರಡು ಕೊಡಿ ಸಾಬ್ರೇ."

ಸಾಬರು ಟೈರ್ ಒರೆಸಿ ಅಳತೆ ಓದಿದರು. ಮುಖ ಅರಳಿತು.

"ಹಳೇ ಜಾವಾ. ಭೇಷ್. ನೋಡಪ್ಪ, ಈಗಿನ ಟೈರ್ ಅಗಲ ಜಾಸ್ತಿ, ಎಲ್ಲಾ ಕೂರಲ್ಲ, ಮಡ್‌ಗಾರ್ಡಿಗೆ ಉಜ್ಜುತ್ತೆ. ಟ್ಯೂಬ್ ಬೇಡದ ಟೈರೂ ಬೇಡ. ನಿನ್ನದು ಸ್ಪೋಕ್ ಚಕ್ರ, ಗಾಳಿ ನಿಲ್ಲಲ್ಲ. ಇಗೋ, ಇದು ಸರಿ."

ಒಂದು ಹೊಸ ಟೈರ್ ತೆಗೆದಿಟ್ಟರು. ಜವರ ಬಗ್ಗಿ ನೋಡಿದ. ಸುತ್ತ ನೋಡಿದ. ತಲೆ ಆಡಿಸಿದ.

"ಇದರಲ್ಲಿ ಬಿರುಕಿಲ್ಲ."

"ಹೊಸದಪ್ಪ. ಬಿರುಕು ಎಲ್ಲಿರುತ್ತೆ?"

"ನಮ್ಮದರಲ್ಲಿದೆ. ಇದೇ ಥರದ್ದು ಅಂದ್ಲು ಅಮ್ಮ."

ಇನ್ನೊಂದು ತೆಗೆದರು.

"ಇದು ಸವೆದೇ ಇಲ್ಲ. ಬೇಡ."

ಮತ್ತೊಂದು ತೆಗೆದರು.

"ಇದಕ್ಕೆ ಕೋಳಿ ಹಿಕ್ಕೆ ಎಲ್ಲಿ?"

ಸಾಬರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು.

"ತಮ್ಮಾ, ಅಳತೆ ಮಾತ್ರ ಅದೇ ಇರಬೇಕು. ಟೈರ್ ಹೊಸದಿರಬೇಕು. ಒಳ್ಳೇ ಟೈರ್ ಅಂದ್ರೆ ಕಚ್ಚಬೇಕು. ಕಚ್ಚೋದು ನೋಡಿ ಆರಿಸ್ಕೋ."

ಜವರ ತೋರುಬೆರಳು ಚಾಚಿದ. ಒಂದು ಟೈರಿನ ಹತ್ತಿರ ಹಿಡಿದ, ಹಿಂದಕ್ಕೆ ಎಳೆದುಕೊಂಡ. ಇನ್ನೊಂದರ ಹತ್ತಿರ ಹಿಡಿದ. ಲಾರಿ ಟೈರಿನ ಹತ್ತಿರ ಮಾತ್ರ ಹಿಡಿಯಲಿಲ್ಲ. ಅದು ದೊಡ್ಡದಿತ್ತು.

"ಒಂದೂ ಕಚ್ತಿಲ್ಲ ಸಾಬ್ರೇ. ಎಲ್ಲಾ ಸಾಧು."

"ನಿನ್ನನ್ನಲ್ಲ ಮಾರಾಯ, ರಸ್ತೇನ. ಬಿಡು, ನಾನೇ ಆರಿಸ್ತೀನಿ. ಈ ಉದ್ದ ಗೀರಿಂದು ಮುಂದಿನದು. ಈ ಚೌಕ ಚೌಕ ಅಚ್ಚಿಂದು ಹಿಂದಿನದು. ಮುಂದಿನದು ಮುಂದೆ, ಹಿಂದಿನದು ಹಿಂದೆ. ಅದಲು ಬದಲು ಆದ್ರೆ ಗಾಡಿ ಜಾರುತ್ತೆ, ಸೊಂಟ ಮುರಿಯುತ್ತೆ. ಜೋಪಾನ."

ಸೊಂಟ ಅಂದದ್ದು ಜವರನಿಗೆ ನಾಟಿತು. ಅಮ್ಮ ಕೊಟ್ಟಿದ್ದ ದುಡ್ಡು ಕೊಟ್ಟ. ಮುಂದಿನದನ್ನು ಎದೆಯ ಮೇಲೆ ತೂಗುಹಾಕಿಕೊಂಡ. ಹಿಂದಿನದನ್ನು ಬೆನ್ನ ಮೇಲೆ. ಎರಡಕ್ಕೂ ಸೇರಿಸಿ ಹಗ್ಗ ಕಟ್ಟಿಕೊಂಡು ಊರ ಕಡೆ ಹೊರಟ.

ಕೆರೆ ಏರಿಯ ಮೇಲೆ ಯಾರೋ ಹಿಂದಿನಿಂದ ಕೂಗಿದರು.

"ಜವರಾ, ಎಲ್ಲಿಗೋ?"

ಜವರ ತಿರುಗಿದ. ತಿರುಗಿದವನು ಬೆಚ್ಚಿದ. ಊರು ಹಿಂದಾಗಿತ್ತು. ಊರ ಕಡೆ ಇರಬೇಕಾದ ಮುಂದಿನ ಟೈರ್ ಪೇಟೆ ಕಡೆ ಇತ್ತು. ಬೇಗ ಹಗ್ಗ ಬಿಚ್ಚಿದ, ಅದಲು ಬದಲು ಮಾಡಿದ, ಕಟ್ಟಿದ. ಸರಿ ಎಂದು ಊರ ಕಡೆ ತಿರುಗಿದ. ಮತ್ತೆ ಮುಂದಿನದು ಹಿಂದೆ. ಮತ್ತೆ ಬಿಚ್ಚಿದ. ಮತ್ತೆ ಕಟ್ಟಿದ. ಆಮೇಲೆ ತಿರುಗುವ ಗೋಜೇ ಬೇಡ ಎಂದು, ಸಿಕ್ಕಿದವರಿಗೆಲ್ಲ ಬೆನ್ನು ಕೊಟ್ಟೇ ಮಾತಾಡುತ್ತಾ ಮನೆ ಸೇರಿದ.

"ಮುಂದೆ ಹಿಂದೆ ಗಾಡಿಗೆ ಕಣೋ, ನಿನಗಲ್ಲ" ಅಂದಳು ಅಮ್ಮ. ಪಂಚರ್ ಅಂಗಡಿಯವನನ್ನು ಕರೆಸಿದಳು. ಅವನು ಟ್ಯೂಬ್ ಸೇರಿಸಿ ಎರಡೂ ಟೈರ್ ಹಾಕಿ, ಗಾಳಿ ತುಂಬಿಕೊಟ್ಟ. ಜವರನನ್ನು ಹತ್ತಿರ ಬಿಡಲಿಲ್ಲ.

ಸೋಮವಾರ ಬಂತು. ಅಮ್ಮನಿಗೆ ಭಯ. ಗಿಡ್ಡೇಗೌಡ ಇವನನ್ನು ಊಟಕ್ಕೆ ಕೂರಿಸಿ ಗಾಡಿ ಬಚ್ಚಿಟ್ಟರೆ?

"ಕೇಳು ಜವರ. ಏನೇ ಆಗಲಿ, ಗಾಡಿ ಬಿಟ್ಟು ಒಂದು ಹೆಜ್ಜೆ ಆಚೆ ಈಚೆ ಹೋಗಬೇಡ. ಮಾವ ಕರೆದ್ರೂ ಹೋಗಬೇಡ. ಗಾಡಿ ಎಲ್ಲೋ ನೀನೂ ಅಲ್ಲೇ."

"ಅಲ್ಲೇ."

ಒದ್ದ. ಗಾಡಿ ಡುಗುಡುಗು ಅಂದಿತು. ಟೈರು ರಸ್ತೆ ಕಚ್ಚಿಕೊಂಡು ಓಡಿತು. ಜವರ ಜಾರಲಿಲ್ಲ, ಬೀಳಲಿಲ್ಲ. ಮಾವನ ಬಾಗಿಲಿಗೆ ಬಂದ.

ಗಿಡ್ಡೇಗೌಡ ಜಗಲಿಯಿಂದ ಎದ್ದ. ಟೈರ್ ಒತ್ತಿ ನೋಡಿದ. ಚಕ್ರ ಸುತ್ತಿ ನೋಡಿದ.

"ಸರಿಯಾಗೇ ಹಾಕ್ಸಿದ್ದೀಯಲ್ಲೋ. ಆಯ್ತು, ಆಡಿದ ಮಾತು ಆಡಿದ್ದೇ. ಗಾಡಿ ನಿನ್ನದು. ಬಾ, ಒಳಗೆ ಬಾ. ನಿಮ್ಮತ್ತೆ ಮುದ್ದೆ ಮಾಡಿದ್ದಾಳೆ."

ಮಾವ ಒಳಗೆ ಹೋದ. ಜವರ ಯೋಚಿಸಿದ. ಒಳಗೆ ಹೋಗಬೇಕು. ಗಾಡಿ ಬಿಡಬಾರದು. ಒದ್ದ. ಮೆಟ್ಟಿಲು ಹತ್ತಿಸಿದ. ಹೊಸಿಲು ದಾಟಿಸಿದ. ಡುಗುಡುಗು ಎಂದು ನಡುಮನೆಗೆ ಬಂದು ನಿಂತ.

ಅತ್ತೆ ಮುದ್ದೆ ತಟ್ಟೆ ಹಿಡಿದುಕೊಂಡೇ ಕಿರುಚಿದಳು. "ಕಾಲು ತೊಳೀದೆ ನಡುಮನೆಗೆ ಬಂದ್ಯಲ್ಲೋ!"

ಜವರ ಬಗ್ಗಿ ಚಕ್ರ ನೋಡಿದ. "ಹೌದು ಅತ್ತೆ, ಕೆಸರಾಗಿದೆ."

"ಹೋಗೋ ಆಚೆಗೆ" ಅಂದ ಮಾವ. "ಹೇಗೆ ಬಂದ್ಯೋ ಹಾಗೇ ಹೋಗು."

ಜವರ ನೇರವಾಗಿ ಬಂದಿದ್ದ. ನೇರವಾಗಿ ಹೋದ. ಅಡುಗೆಮನೆ ದಾಟಿದ. ಹಿತ್ತಲ ಬಾಗಿಲು ದಾಟಿದ. ಹಿತ್ತಿಲಲ್ಲಿ ನಿಂತ. ಹಿತ್ತಿಲಿಗೆ ಮೂರು ಕಡೆ ಮಣ್ಣಿನ ಗೋಡೆ, ಇನ್ನೊಂದು ಕಡೆ ಮನೆ.

ಮಾವ ಹಿಂದೆಯೇ ಓಡಿ ಬಂದ. "ಇನ್ನೊಂದು ಸಲ ಈ ಗಾಡಿ ನನ್ನ ಮನೆಯೊಳಗೆ ಬಂತೋ, ನಿನ್ನ ಕಾಲು ಮುರೀತೀನಿ."

"ಬರಲ್ಲ ಮಾವ."

ಜವರ ಸ್ಟ್ಯಾಂಡ್ ಹಾಕಿದ. ಕೂತ. ಊಟದ ಹೊತ್ತು ಕಳೆಯಿತು, ಕೂತೇ ಇದ್ದ. ಅತ್ತೆ ಮುದ್ದೆ ತಂದುಕೊಟ್ಟಳು. ತಿಂದ. ಮತ್ತೆ ಕೂತ.

"ಮನೆಗೆ ಹೋಗಲ್ವೇನೋ?"

"ಗಾಡಿ ಬಿಟ್ಟು ಹೋಗಬೇಡ ಅಂದ್ಲು ಅಮ್ಮ. ಗಾಡಿ ಮನೆಯೊಳಗೆ ಬರಬಾರದು ಅಂದೆ ನೀನು."

ಗಿಡ್ಡೇಗೌಡ ಮನೆ ನೋಡಿದ. ಗೋಡೆ ನೋಡಿದ. ಅಳಿಯನನ್ನು ನೋಡಿದ. ಆಡಿದ ಮಾತು ಹಿಂದಕ್ಕೆ ತೆಗೆದುಕೊಳ್ಳುವ ಗಂಡಸಲ್ಲ ಅವನು. ಒಳಗೆ ಹೋಗಿ ಗಡಾರಿ ತಂದ. ಪಂಚೆ ಎತ್ತಿ ಕಟ್ಟಿದ. ಅಜ್ಜನ ಕಾಲದ ಗೋಡೆಯನ್ನು ಮೀಟಿ ಮೀಟಿ ಕೆಡವಿದ. ಮೈಯೆಲ್ಲ ಮಣ್ಣು, ಬೆವರು. ಗಾಡಿ ಹಿಡಿಸುವಷ್ಟು ಕಂಡಿಯಾಯಿತು.

"ಹೋಗಪ್ಪ. ಗಾಡಿನೂ ನಿನ್ನದು, ದಾರಿನೂ ನಿನ್ನದು. ಹೊರಡು."

ಜವರ ಒದ್ದ. ಗಾಡಿ ಕಂಡಿ ದಾಟಿತು. ತಿರುಗಿ ನೋಡಿ ನಕ್ಕ.

"ಬರ್ತೀನಿ ಮಾವ."

ಗಿಡ್ಡೇಗೌಡನಿಗೆ ಸುಸ್ತಾಗಿತ್ತು. ಗಡಾರಿ ಕೆಳಗಿಟ್ಟ. ಮನೆಗೆ ಬಂದವರನ್ನು ಕಳಿಸುವಾಗ ಎಲ್ಲರೂ ಹೇಳುವ ಮಾತು ಅವನ ಬಾಯಿಂದಲೂ ತಾನಾಗಿ ಬಂತು.

"ಹೂಂ. ಹೋಗಿ ಬಾ."

ಜವರ ಹೋದ. ಗೋಡೆಯಾಚೆಯ ಒಂದು ಹೊಂಗೆ ಮರದವರೆಗೆ ಹೋದ. ತಿರುಗಿಸಿದ. ಡುಗುಡುಗು ಎಂದು ಅದೇ ಕಂಡಿಯಿಂದ ಬಂದ. ಮನೆಯೊಳಗಿನಿಂದ ಬರಬಾರದಲ್ಲ.

"ಬಂದೆ ಮಾವ" ಅಂದ. ಸ್ಟ್ಯಾಂಡ್ ಹಾಕಿ ಕೂತ.